ಅಂಗಾಲಿನ ಗುಳ್ಳೆಯನ್ನೂ ಮೂಳೆ ಡಾಕ್ಟರಿಗೆ ತೋರಿಸಿ

ನಿಮ್ಮ ಮಗಳ ಕಾಲರ್ ಬೋನ್ (ಕುತ್ತಿಗೆ ಬುಡದ ಮೂಳೆ) ಊತ ಏನಿರಬಹುದು ಎಂದು ಕೇಳಿದ್ದೀರಿ. ಅದು ಸೋಂಕಲ್ಲದ ಮೂಳೆ ಉರಿಯೂತ, ಸಿಆರ್‌ಎಂಒ ಎನ್ನುವ ಕಾಯಿಲೆ, ಇರಬಹುದು. 2 ತಿಂಗಳ ಆ್ಯಂಟಿಬಯೋಟಿಕ್‌ಗೂ ಊತ ಇಳಿದಿಲ್ಲ, ಅಂಗಾಲಲ್ಲಿ ಕೀವುಗುಳ್ಳೆ ಬೇರೆ ಅಂದಿರಲ್ಲ, ಆ ಜೋಡಿಯೇ ಸುಳಿವು. ಇದೇ ಕಾಯಿಲೆಯ ನನ್ನ ಮಗನ ಗುಳ್ಳೆಗಳನ್ನು ನಾವು ಕೆಸರುಹುಣ್ಣು ಅಂದುಕೊಂಡು ಅರಿಶಿನ ಹಚ್ಚಿ ಬಿಟ್ಟಿದ್ದೆವು, ಡಾಕ್ಟರಿಗೆ ತೋರಿಸಲೇ ಇಲ್ಲ.

ಗುಳ್ಳೆ ಒಣಗಿ ಸಿಪ್ಪೆ ಏಳುವ ಮುಂಚೆ ಫೋಟೋ ತೆಗೆದಿಡಿ. ಆಮೇಲೆ ಕುಮಟಾದಲ್ಲಿ ತೆಗೆಸಿದ ಎಕ್ಸ್‌ರೇ, ರಕ್ತದ ರಿಪೋರ್ಟ್ ಎಲ್ಲ ಹಿಡಿದು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ, ಮಕ್ಕಳ ಸಂಧಿವಾತ ತಜ್ಞರನ್ನು ವಿಚಾರಿಸಿ. ಇಡೀ ಮೈಯ ಎಂಆರ್‌ಐ ಬಗ್ಗೆ ಕೇಳಿ. ನೋವಿಲ್ಲದ ಮೂಳೆಯಲ್ಲೂ ಉರಿಯೂತ ಅಡಗಿರಬಹುದು. ಬಯಾಪ್ಸಿ ಬೇಕೆಂದರೆ ಹೆದರಿ ಹಿಂದೆ ಸರಿಯಬೇಡಿ, ಸೋಂಕು, ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾದ ಮೇಲೇ ಈ ಹೆಸರು ಹೇಳುತ್ತಾರೆ. ಖಚಿತವಾದರೆ ಸಾಮಾನ್ಯವಾಗಿ ನೋವು, ಉರಿಯೂತ ತಗ್ಗಿಸುವ ನ್ಯಾಪ್ರೊಕ್ಸೆನ್‌ನಂಥ ಮಾತ್ರೆಯಿಂದ ಶುರು. ಅಲ್ಲಿಯವರೆಗೆ ಆ್ಯಂಟಿಬಯೋಟಿಕ್ ನೀವಾಗಿಯೇ ನಿಲ್ಲಿಸಬೇಡಿ.