ಪಾರ್ಶ್ವವಾಯುವಿನ ನಂತರ ಒಂದು ಬದಿಯ ಬಲಹೀನತೆ: ಓದುಗರ ಪ್ರಶ್ನೆಗಳಿಗೆ ತಜ್ಞ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಈಗ ಕೋಲಿನ ಆಸರೆಯಲ್ಲಿ ನಡೆಯುತ್ತಾರೆ. ಬಲತೋಳನ್ನು ಭುಜದ ಮಟ್ಟಕ್ಕೆ ಎತ್ತುತ್ತಾರೆ, ಮಣಿಕಟ್ಟನ್ನೂ ಬೆರಳುಗಳನ್ನೂ ತುಸು ಬಿಡಿಸುತ್ತಾರೆ, ಆದರೆ ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡಿಕೊಳ್ಳುತ್ತಾರೆ. ಆರು ತಿಂಗಳು ದಾಟಿದ ಮೇಲೆ ಸುಧಾರಣೆ ಆಗುವುದಿಲ್ಲ ಎಂದು ಹಲವರು ಹೇಳುತ್ತಿದ್ದಾರೆ. ಫಿಸಿಯೋಥೆರಪಿ ಮುಂದುವರಿಸಿದರೆ ಪ್ರಯೋಜನವಿದೆಯೇ?

ಉತ್ತರ: ಪ್ರಯೋಜನವಿದೆ, ಎಷ್ಟು ಎಂಬುದು ಈಗ ನಡೆಯುತ್ತಿರುವ ಚಿಕಿತ್ಸೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಆರು ತಿಂಗಳ ಮಾತಿಗೆ ಆಧಾರವೇ ಇಲ್ಲವೆಂದಲ್ಲ, ಅದನ್ನು ಆ ಆಧಾರಕ್ಕಿಂತ ಬಹಳ ದೂರ ಎಳೆಯಲಾಗಿದೆ. ಮಿದುಳಿನ ಒಂದು ಭಾಗಕ್ಕೆ ರಕ್ತ ಸಿಗದೆ ಅಲ್ಲಿನ ನರಕೋಶಗಳು ಸತ್ತ ನಂತರ, ಮೊದಲ ವಾರಗಳಲ್ಲಿ ಸುತ್ತಲಿನ ಊತ ಇಳಿಯುತ್ತದೆ, ಸಾಯದೆ ಉಳಿದು ಸ್ತಬ್ಧವಾಗಿದ್ದ ಭಾಗಗಳು ಮತ್ತೆ ಕೆಲಸಕ್ಕೆ ತೊಡಗುತ್ತವೆ, ಉಳಿದ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಬಿರುಸಾಗಿ ಮೂಡುತ್ತವೆ. ಈ ಅವಧಿಯಲ್ಲಿ ಒಂದಷ್ಟು ಚೇತರಿಕೆ ತಾನಾಗಿಯೇ ಆಗುವುದರಿಂದ ಏರಿಕೆ ಕಣ್ಣಿಗೆ ಹೊಡೆದು ಕಾಣುತ್ತದೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಆ ಸಹಜ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ನಿಲ್ಲುವುದು ತಾನಾಗಿ ಆಗುತ್ತಿದ್ದ ಚೇತರಿಕೆ. ಅಭ್ಯಾಸದಿಂದ ಕಲಿಯುವ ಶಕ್ತಿ ಮಿದುಳಿನಲ್ಲಿ ಉಳಿದಿರುತ್ತದೆ.

ಹಾಗೆಂದು ಕಾಲಕ್ಕೆ ಬೆಲೆಯಿಲ್ಲವೆಂದೂ ಹೇಳಲಾಗದು. ಅಮೆರಿಕದಲ್ಲಿ 72 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂದಿನ ಚಿಕಿತ್ಸೆಯ ಮೇಲೆ 20 ಗಂಟೆಗಳ ಹೆಚ್ಚುವರಿ ಕೈ ತರಬೇತಿಯನ್ನು ಒಂದು ಗುಂಪಿಗೆ ಮೊದಲ ತಿಂಗಳೊಳಗೆ, ಇನ್ನೊಂದಕ್ಕೆ ಎರಡು-ಮೂರು ತಿಂಗಳಾದಾಗ, ಮತ್ತೊಂದಕ್ಕೆ ಆರು ತಿಂಗಳ ನಂತರ ಕೊಡಲಾಯಿತು. ಹೆಚ್ಚುವರಿ ತರಬೇತಿ ಪಡೆಯದವರೊಂದಿಗೆ ಹೋಲಿಸಿದಾಗ ಎರಡು-ಮೂರು ತಿಂಗಳ ಗುಂಪಿಗೆ ಅತಿ ಹೆಚ್ಚು ಲಾಭವಾಯಿತು. ಆರು ತಿಂಗಳು ಕಳೆದವರಲ್ಲಿ ಗಣನೀಯ ಲಾಭ ಕಾಣಲಿಲ್ಲ. ಆದರೆ 20 ಗಂಟೆ ಎಂಬುದು ಸಣ್ಣ ಪ್ರಮಾಣ. ಲಂಡನ್ನಿನ ಕ್ವೀನ್ ಸ್ಕ್ವೇರ್ ಕೇಂದ್ರದಲ್ಲಿ ಮೂರು ವಾರಗಳಲ್ಲಿ ಸುಮಾರು 90 ಗಂಟೆ ಕೈ ತರಬೇತಿ ಪಡೆದ 224 ಮಂದಿಯಲ್ಲಿ ಹೆಚ್ಚಿನವರು ಆರು ತಿಂಗಳ ಗಡುವನ್ನು ಎಂದೋ ದಾಟಿದ್ದವರು. ಅವರ ಕೈ ಸುಧಾರಿಸಿತು, ಆರು ತಿಂಗಳ ನಂತರ ನೋಡಿದಾಗಲೂ ಆ ಸುಧಾರಣೆ ಉಳಿದಿತ್ತು. ಇಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ ಎಂಬ ಕೊರತೆಯನ್ನು ಗಮನದಲ್ಲಿಡಬೇಕು. ಎರಡನ್ನೂ ಸೇರಿಸಿ ಓದಿದರೆ ನನಗೆ ತೋರುವುದಿಷ್ಟು: ತಡವಾದಷ್ಟೂ ಅದೇ ಫಲಕ್ಕೆ ಹೆಚ್ಚು ಶ್ರಮ ಬೇಕಾಗುತ್ತದೆ.

ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಎರಡು ಸಂಗತಿಗಳು. ಮಣಿಕಟ್ಟು, ಬೆರಳುಗಳು ತುಸುವಾದರೂ ಬಿಚ್ಚುತ್ತವೆ. ಹಾಗಿದ್ದರೂ ಆ ಕೈಯನ್ನು ಅವರು ಬಳಸುತ್ತಿಲ್ಲ. ಆರಂಭದ ದಿನಗಳಲ್ಲಿ ಬಲಗೈಯಿಂದ ಮಾಡಲು ಹೋಗಿ ಮತ್ತೆ ಮತ್ತೆ ಸೋತ ರೋಗಿ ಎಡಗೈಗೇ ಒಗ್ಗಿಕೊಳ್ಳುತ್ತಾನೆ, ಮುಂದೆ ಬಲಗೈಯಲ್ಲಿ ಶಕ್ತಿ ಮರಳಿದರೂ ಅದು ಬಳಕೆಗೆ ಬರುವುದಿಲ್ಲ. ಅಮೆರಿಕದ ಎಡ್ವರ್ಡ್ ಟಾಬ್ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಗುರುತಿಸಿ, ಒಳ್ಳೆಯ ಕೈಯನ್ನು ಕಟ್ಟಿಹಾಕಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ವಿಧಾನವನ್ನು ರೂಪಿಸಿದರು. ಇದನ್ನು ಪರೀಕ್ಷಿಸಿದ ಎಕ್ಸೈಟ್ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿ ಅದರಲ್ಲಿದ್ದರು. ಚಿಕಿತ್ಸೆಯ ಗುಂಪಿನವರು ಎರಡು ವಾರಗಳ ಕಾಲ, ಎಚ್ಚರವಿರುವ ಅವಧಿಯ ಹೆಚ್ಚಿನ ಭಾಗ ಒಳ್ಳೆಯ ಕೈಗೆ ದಪ್ಪ ಕೈಗವಸು ತೊಟ್ಟು, ದಿನಕ್ಕೆ ಆರು ಗಂಟೆಗಳವರೆಗೆ ತರಬೇತಿ ಪಡೆದರು. ಎಂದಿನ ಆರೈಕೆ ಪಡೆದವರಿಗಿಂತ ಅವರ ಕೈಬಳಕೆ ಹೆಚ್ಚು ಸುಧಾರಿಸಿತು, ಒಂದು ವರ್ಷದ ನಂತರವೂ ಆ ಅಂತರ ಉಳಿದಿತ್ತು. ಮಣಿಕಟ್ಟನ್ನೂ ಬೆರಳುಗಳನ್ನೂ ಕನಿಷ್ಠ ಹತ್ತು ಡಿಗ್ರಿಯಷ್ಟು ಹಿಂದಕ್ಕೆ ಬಿಡಿಸಬಲ್ಲವರನ್ನು ಮಾತ್ರ ಅದಕ್ಕೆ ಸೇರಿಸಿಕೊಂಡಿದ್ದರು. ನಿಮ್ಮ ತಂದೆಯವರು ಈ ಅಳತೆಗೆ ಹೊಂದಬಹುದು. ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಅಳೆಯಿಸಿ.

ಒಂದು ಎಚ್ಚರಿಕೆ: ಅವರು ಕೋಲು ಹಿಡಿಯುವುದು ಎಡಗೈಯಲ್ಲೇ ಇರಬೇಕು. ಲೇಖನ ಓದಿದ ಉತ್ಸಾಹದಲ್ಲಿ ಮನೆಯಲ್ಲೇ ಆ ಕೈಯನ್ನು ಕಟ್ಟಿ ಓಡಾಡಲು ಬಿಟ್ಟರೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಕಟ್ಟುವುದಾದರೆ ಕುಳಿತಿರುವಾಗ ಮಾತ್ರ, ಅದೂ ಚಿಕಿತ್ಸಕರ ಸಲಹೆಯ ನಂತರ.

ಈಗ ನಡೆಯುತ್ತಿರುವ ಚಿಕಿತ್ಸೆಯ ಬಗ್ಗೆ ಕೇಳಬೇಕಾದ ಪ್ರಶ್ನೆ, ಒಂದು ಸಲದ ಭೇಟಿಯಲ್ಲಿ ತಂದೆಯವರು ಸ್ವತಃ ಎಷ್ಟು ಬಾರಿ ಆ ಕೈಯಿಂದ ಕೆಲಸ ಮಾಡುತ್ತಾರೆ ಎಂಬುದು. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತು ಹಿಡಿಯುವುದು, ಎತ್ತಿಡುವುದು ಮುಂತಾದ ಉದ್ದೇಶಪೂರ್ವಕ ಕೈಚಲನೆಗಳು ಒಂದು ಅವಧಿಗೆ ಸರಾಸರಿ 32 ಮಾತ್ರ ಇದ್ದವು. ಮಿದುಳಿನ ಬದಲಾವಣೆ ಕಂಡುಬಂದ ಪ್ರಾಣಿಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಬಾರಿ ಮಾಡಿಸುತ್ತಾರೆ. ಹಾಗಾದರೆ ಎಣಿಕೆ ಹೆಚ್ಚಿಸಿದಷ್ಟೂ ಫಲ ಹೆಚ್ಚುತ್ತದೆಯೇ ಎಂದರೆ ಉತ್ತರ ಅಷ್ಟು ಸರಳವಾಗಿಲ್ಲ. ಪಾರ್ಶ್ವವಾಯುವಾಗಿ ಆರು ತಿಂಗಳು ಮೀರಿದ್ದ 85 ಮಂದಿಗೆ 3,200, 6,400, 9,600 ಹೀಗೆ ಬೇರೆ ಬೇರೆ ಸಂಖ್ಯೆಯಲ್ಲಿ ಅಭ್ಯಾಸ ಮಾಡಿಸಿದ ಪ್ರಯೋಗದಲ್ಲಿ ಹೆಚ್ಚು ಮಾಡಿದವರಿಗೆ ಹೆಚ್ಚು ಲಾಭವೆಂಬ ಕ್ರಮ ಕಾಣಲಿಲ್ಲ. ಬರಿಯ ಪುನರಾವರ್ತನೆಗಿಂತ, ಮಾಡಬಲ್ಲದ್ದಕ್ಕಿಂತ ತುಸು ಕಠಿಣವಾದ ಕೆಲಸವನ್ನು ಕೊಡುತ್ತ ಹೋಗುವುದು, ಕಲಿತದ್ದನ್ನು ದಿನನಿತ್ಯದ ಬಳಕೆಗೆ ತರುವುದು ಮುಖ್ಯವೆಂದು ನಾನು ಭಾವಿಸುತ್ತೇನೆ. ರೋಗಿ ಮಲಗಿದ್ದು ಇನ್ನೊಬ್ಬರು ಕೈಕಾಲು ಮಡಚಿ ಬಿಡಿಸುವುದಷ್ಟೇ ನಡೆಯುತ್ತಿದ್ದರೆ ಕೀಲುಗಳು ಮರಗಟ್ಟದೆ ಉಳಿಯಬಹುದು, ಕೈ ಮಾತ್ರ ಕೆಲಸ ಕಲಿಯುವುದಿಲ್ಲ.

ಪತ್ರದ ಕೊನೆಯಲ್ಲಿ, ನಾವೇ ಸರಿಯಾಗಿ ವ್ಯಾಯಾಮ ಮಾಡಿಸಲಿಲ್ಲವೇನೋ ಎಂದು ಬರೆದಿದ್ದೀರಿ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಪ್ರಯೋಗದಲ್ಲಿ, ಒಂದು ಗುಂಪಿನಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ಅವರಿಂದ ವ್ಯಾಯಾಮ ಮಾಡಿಸಲಾಯಿತು, ಇನ್ನೊಂದಕ್ಕೆ ಎಂದಿನ ಆರೈಕೆ ಮಾತ್ರ ಸಿಕ್ಕಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ಮೃತಪಟ್ಟಿದ್ದರು ಅಥವಾ ಪರಾವಲಂಬಿಗಳಾಗಿದ್ದರು, ವ್ಯತ್ಯಾಸವಿರಲಿಲ್ಲ. ವ್ಯವಸ್ಥಿತವಾಗಿ ಕಲಿಸಿದ ಕುಟುಂಬಗಳಿಂದಲೇ ಆಗದ್ದನ್ನು ನೀವು ಮಾಡಲಿಲ್ಲವೆಂದು ನೊಂದುಕೊಳ್ಳುವುದಕ್ಕೆ ಕಾರಣವಿಲ್ಲ.

ಪ್ರಶ್ನೆ: ಪಾರ್ಶ್ವವಾಯುವಾದ ದಿನವೇ ರೋಗಿಯನ್ನು ಎಬ್ಬಿಸಿ ನಡೆಸಿದರೆ ಬೇಗ ಗುಣವಾಗುತ್ತದೆಯೇ?

ಉತ್ತರ: ಹಾಗೆಂದು ಬಹುಕಾಲ ನಂಬಲಾಗಿತ್ತು. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದ ಅವರ್ಟ್ ಪ್ರಯೋಗ (2015) ಆ ನಂಬಿಕೆಯನ್ನು ತಿದ್ದಿತು. ಮೊದಲ 24 ಗಂಟೆಗಳೊಳಗೆ ಆರಂಭಿಸಿ ಹೆಚ್ಚು ಹೊತ್ತು, ಹೆಚ್ಚು ಬಾರಿ ಹಾಸಿಗೆಯಿಂದ ಎಬ್ಬಿಸಿದವರಲ್ಲಿ ಮೂರು ತಿಂಗಳ ನಂತರ ಶೇ 46 ಮಂದಿ ಉತ್ತಮ ಸ್ಥಿತಿಯಲ್ಲಿದ್ದರೆ, ಎಂದಿನ ಆರೈಕೆ ಪಡೆದವರಲ್ಲಿ ಅದು ಶೇ 50 ಇತ್ತು. ಎಬ್ಬಿಸಲೇಬಾರದು ಎಂಬುದು ಇದರ ಅರ್ಥವಲ್ಲ. ಮೊದಲ ದಿನ ದೀರ್ಘ ಅವಧಿಯ ಶ್ರಮ ಬೇಡ. ವೈದ್ಯರು ಹೇಳಿದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕೂರಿಸಿ, ನಿಲ್ಲಿಸಿ.

ಪ್ರಶ್ನೆ: ಖಿನ್ನತೆಗೆ ಕೊಡುವ ಫ್ಲೂಕ್ಸೆಟಿನ್ ಮಾತ್ರೆಯಿಂದ ಕೈಕಾಲಿನ ಬಲ ಮರಳುತ್ತದೆ ಎಂದು ಓದಿದ್ದೇನೆ. ನನ್ನ ಪತ್ನಿಗೆ ಕೊಡಿಸಬಹುದೇ?

ಉತ್ತರ: ನೀವು ಓದಿದ್ದು ಬಹುಶಃ 2011ರ ಫ್ರಾನ್ಸಿನ ಫ್ಲೇಮ್ ಪ್ರಯೋಗದ ಕುರಿತು. 118 ರೋಗಿಗಳಲ್ಲಿ ಈ ಮಾತ್ರೆ ಪಡೆದವರ ಚಲನಶಕ್ತಿ ಮೂರು ತಿಂಗಳಲ್ಲಿ ಹೆಚ್ಚು ಸುಧಾರಿಸಿತ್ತು, ಹೀಗಾಗಿ ಜಗತ್ತಿನಾದ್ಯಂತ ಅನೇಕ ವೈದ್ಯರು ಅದನ್ನು ಬರೆದುಕೊಡತೊಡಗಿದರು. ಆಮೇಲೆ ಮೂರು ದೊಡ್ಡ ಪ್ರಯೋಗಗಳು ನಡೆದವು: ಬ್ರಿಟನ್ನಿನ ಫೋಕಸ್, ಆಸ್ಟ್ರೇಲಿಯಾ-ನ್ಯೂಜಿಲೆಂಡ್-ವಿಯೆಟ್ನಾಂಗಳ ಅಫಿನಿಟಿ, ಸ್ವೀಡನ್ನಿನ ಎಫೆಕ್ಟ್ಸ್. ಒಟ್ಟು ಸುಮಾರು 5,900 ಮಂದಿಗೆ ಆರು ತಿಂಗಳ ಕಾಲ ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ದಿನನಿತ್ಯದ ಸ್ವಾವಲಂಬನೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಹೆಚ್ಚಾಯಿತು. ಫೋಕಸ್‌ನಲ್ಲಿ ಮುರಿತದ ಪ್ರಮಾಣ ಶೇ 1.5ರಿಂದ ಶೇ 2.9ಕ್ಕೆ ಏರಿತು.

ಫ್ಲೇಮ್ ಅಳೆದದ್ದು ಕೈಕಾಲಿನ ಚಲನೆಯನ್ನು, ನಂತರದವು ಅಳೆದದ್ದು ಒಟ್ಟಾರೆ ಸ್ವಾವಲಂಬನೆಯನ್ನು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದ್ದರೂ, ಬದುಕಿನಲ್ಲಿ ಗೋಚರಿಸದ ಚಲನೆಯ ಅಂಕಗಳಿಗಾಗಿ ಮೂಳೆ ಮುರಿತದ ಅಪಾಯವನ್ನು ಎದುರುಹಾಕಿಕೊಳ್ಳಲು ನಾನು ಸಲಹೆ ನೀಡಲಾರೆ. ನಿಮ್ಮ ಪತ್ನಿಗೆ ಖಿನ್ನತೆಯಿದ್ದರೆ ಮಾತು ಬೇರೆ. ಪಾರ್ಶ್ವವಾಯುವಿನ ನಂತರ ಅದು ಸಾಮಾನ್ಯ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ತಟ್ಟನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಪ್ರಶ್ನೆ: ರೋಬೋಟ್, ನರಕ್ಕೆ ವಿದ್ಯುತ್ ಪ್ರಚೋದನೆ, ಕಾಂತೀಯ ಪ್ರಚೋದನೆ, ಆಕರಕೋಶ (ಸ್ಟೆಮ್ ಸೆಲ್) ಚುಚ್ಚುಮದ್ದು ಹೀಗೆ ಅನೇಕ ಜಾಹೀರಾತುಗಳನ್ನು ನೋಡುತ್ತಿದ್ದೇವೆ. ಇವುಗಳಲ್ಲಿ ಯಾವುದಕ್ಕೆ ಪುರಾವೆ ಇದೆ?

ಉತ್ತರ: ಜಾಹೀರಾತಿನಲ್ಲಿ ಕಾಣುವ ಪ್ರತಿಯೊಬ್ಬ ರೋಗಿಯೂ ನಿಜವಾಗಿಯೇ ಸುಧಾರಿಸಿರಬಹುದು. ಆ ಸಾಧನವಿಲ್ಲದೆ ಅಷ್ಟೇ ತರಬೇತಿ ಪಡೆದಿದ್ದರೆ ಎಷ್ಟು ಸುಧಾರಿಸುತ್ತಿದ್ದರು ಎಂಬುದು ಜಾಹೀರಾತಿನಿಂದ ತಿಳಿಯುವುದಿಲ್ಲ. ಇದಕ್ಕೆ ಅತಿ ಸ್ಪಷ್ಟ ಉದಾಹರಣೆ ಅಮೆರಿಕದ 199 ರೋಗಿಗಳ ಮೇಲೆ ನಡೆದ ಕಾಂತೀಯ ಪ್ರಚೋದನೆಯ ಪ್ರಯೋಗ (2018). ಪ್ರಚೋದನೆ ಪಡೆದವರಲ್ಲಿ ಶೇ 67 ಮಂದಿ ಗಮನಾರ್ಹವಾಗಿ ಸುಧಾರಿಸಿದರು. ಯಂತ್ರವನ್ನು ತಲೆಗೆ ಹಿಡಿದು ಹುಸಿ ಪ್ರಚೋದನೆ ಕೊಟ್ಟು, ಅಷ್ಟೇ ತರಬೇತಿ ಕೊಟ್ಟವರಲ್ಲಿ ಶೇ 65 ಮಂದಿ ಸುಧಾರಿಸಿದರು. ಮೊದಲ ಸಂಖ್ಯೆಯನ್ನಷ್ಟೇ ಅಚ್ಚು ಹಾಕಿಸಿದರೆ ಅದೊಂದು ಅದ್ಭುತ ಚಿಕಿತ್ಸೆಯಂತೆ ಕಾಣುತ್ತದೆ.

ರೋಬೋಟ್ ತರಬೇತಿಯ ದೊಡ್ಡ ಪರೀಕ್ಷೆ ಬ್ರಿಟನ್ನಿನ ರಾಟಲ್ಸ್ (2019). 770 ಮಂದಿಯನ್ನು ರೋಬೋಟ್, ಅಷ್ಟೇ ಅವಧಿಯ ಮಾನವ ತರಬೇತಿ, ಎಂದಿನ ಆರೈಕೆ ಎಂದು ಮೂರು ಗುಂಪು ಮಾಡಿ, ಮೊದಲ ಎರಡು ಗುಂಪುಗಳಿಗೆ ವಾರಕ್ಕೆ ಮೂರು ಬಾರಿ 45 ನಿಮಿಷಗಳಂತೆ 12 ವಾರ ತರಬೇತಿ ಕೊಡಲಾಯಿತು. ರೋಬೋಟ್ ಗುಂಪಿನಲ್ಲಿ ತೋಳಿನ ಚಲನೆ ತುಸು ಹೆಚ್ಚಿತು, ಕೈಯಿಂದ ಕೆಲಸ ಮಾಡುವ ಸಾಮರ್ಥ್ಯ ಮಾತ್ರ ಎಂದಿನ ಆರೈಕೆಗಿಂತ ಹೆಚ್ಚಲಿಲ್ಲ.

ಮಿದುಳಿನಿಂದ ಕುತ್ತಿಗೆಯ ಮೂಲಕ ಎದೆ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರದ ಪ್ರಚೋದನೆಗೆ ಇವೆಲ್ಲಕ್ಕಿಂತ ಬಲವಾದ ಪುರಾವೆಯಿದೆ. ಎದೆಯ ಚರ್ಮದಡಿ ಸಾಧನವೊಂದನ್ನು ಶಸ್ತ್ರಚಿಕಿತ್ಸೆಯಿಂದ ಕೂರಿಸಿ, ಕುತ್ತಿಗೆಯ ಎಡಬದಿಯ ವೇಗಸ್ ನರಕ್ಕೆ ತಂತಿ ಜೋಡಿಸುತ್ತಾರೆ. ರೋಗಿ ಕೈ ಚಲನೆ ಮಾಡುವ ಹೊತ್ತಿಗೆ ಸರಿಯಾಗಿ ಚಿಕಿತ್ಸಕರು ಗುಂಡಿ ಒತ್ತಿ ಅರ್ಧ ಸೆಕೆಂಡಿನ ಪ್ರಚೋದನೆ ಕೊಡುತ್ತಾರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಾರ್ಶ್ವವಾಯುವಾಗಿ ಒಂಬತ್ತು ತಿಂಗಳಿಂದ ಹತ್ತು ವರ್ಷಗಳಾಗಿದ್ದ 108 ಮಂದಿಯಿದ್ದರು. ಎಲ್ಲರಿಗೂ ಸಾಧನ ಅಳವಡಿಸಿ ಅರ್ಧದಷ್ಟು ಮಂದಿಗೆ ಮಾತ್ರ ನಿಜವಾದ ಪ್ರಚೋದನೆ ಕೊಟ್ಟದ್ದು ಇದರ ವಿಶೇಷ. ಆರು ವಾರಗಳ ತರಬೇತಿಯ ನಂತರ, ತೋಳಿಗೆ ಗರಿಷ್ಠ 66 ಅಂಕಗಳಿರುವ ಫುಗಲ್-ಮೇಯರ್ ಮಾಪನದಲ್ಲಿ ನಿಜವಾದ ಪ್ರಚೋದನೆ ಪಡೆದವರು 5 ಅಂಕ, ಹುಸಿ ಪ್ರಚೋದನೆಯವರು 2.4 ಅಂಕ ಏರಿದರು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿ ನೀಡಿತು. ಎರಡೂವರೆ ಅಂಕದ ಅಂತರಕ್ಕೆ ಒಂದು ಶಸ್ತ್ರಚಿಕಿತ್ಸೆ ತಕ್ಕುದೇ ಎಂಬುದನ್ನು, ಅದರ ಅಪಾಯಗಳನ್ನು ಕೇಳಿ ತಿಳಿದು, ರೋಗಿಯೇ ನಿರ್ಧರಿಸಬೇಕು. ತರಬೇತಿಯಿಲ್ಲದೆ ಬರಿಯ ಪ್ರಚೋದನೆ ಕೆಲಸಕ್ಕೆ ಬರುತ್ತದೆ ಎಂದು ಈ ಪ್ರಯೋಗ ತೋರಿಸಿಲ್ಲ.

ಆಕರಕೋಶಗಳ ಬಗ್ಗೆ ನನ್ನ ಉತ್ತರ ಚಿಕ್ಕದು: ನೋಂದಾಯಿತ ಸಂಶೋಧನೆಯ ಹೊರಗೆ, ಹಣ ಕೊಟ್ಟು ಹಾಕಿಸಿಕೊಳ್ಳಬೇಡಿ. ಭಾರತದ ಕೆಲವು ಕೇಂದ್ರಗಳಲ್ಲಿ 120 ರೋಗಿಗಳಿಗೆ ಅವರದೇ ಅಸ್ಥಿಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದ 2014ರ ಪ್ರಯೋಗದಲ್ಲಿ ಹೋಲಿಕೆಯ ಗುಂಪಿಗಿಂತ ಹೆಚ್ಚಿನ ಲಾಭ ದೊರೆಯಲಿಲ್ಲ.

ಪ್ರಶ್ನೆ: ನನ್ನ ಅಣ್ಣನನ್ನು ಇಂಥದೇ ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರಿಸಲು ಕೇಳಿದ್ದಾರೆ. ಯಾವ ಗುಂಪಿಗೆ ಬೀಳುತ್ತಾರೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದಂತೆ. ಅವರಿಗೆ ಮಾತು ಸ್ಪಷ್ಟವಿಲ್ಲ. ಒಪ್ಪಬಹುದೇ?

ಉತ್ತರ: ಚೀಟಿ ಎತ್ತಿದಂತೆ ಗುಂಪು ಹಂಚುವುದು ಅಸಡ್ಡೆಯಿಂದಲ್ಲ. ವೈದ್ಯರೇ ಆರಿಸಿದರೆ ಚೇತರಿಸುವ ಲಕ್ಷಣವಿರುವವರು ತಿಳಿದೋ ತಿಳಿಯದೆಯೋ ಹೊಸ ಚಿಕಿತ್ಸೆಯ ಕಡೆಗೆ ಸರಿಯುತ್ತಾರೆ, ಫಲಿತಾಂಶ ಕೆಡುತ್ತದೆ. ಆದ್ದರಿಂದ ಅಣ್ಣನವರಿಗೆ ಹೊಸ ಚಿಕಿತ್ಸೆ ಸಿಗದೆಯೂ ಹೋಗಬಹುದು ಎಂಬುದನ್ನು ಒಪ್ಪಿಕೊಂಡೇ ಸೇರಬೇಕು. ಹೋಲಿಕೆಯ ಗುಂಪಿಗೆ ಬಿದ್ದರೆ ಈಗಿನ ಫಿಸಿಯೋಥೆರಪಿ ಮುಂದುವರಿಯುತ್ತದೆಯೇ, ನೈತಿಕ ಸಮಿತಿಯ ಒಪ್ಪಿಗೆಯೂ ಸಾರ್ವಜನಿಕ ನೋಂದಣಿ ಸಂಖ್ಯೆಯೂ ಇವೆಯೇ, ತೊಂದರೆಯಾದರೆ ಚಿಕಿತ್ಸೆಯ ವೆಚ್ಚ ಯಾರದು, ನಡುವೆ ಬಿಟ್ಟುಬಂದರೆ ಎಂದಿನ ಆರೈಕೆಗೆ ಅಡ್ಡಿಯಿಲ್ಲವೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪರೀಕ್ಷೆಗೊಳಪಟ್ಟಿರುವ ಚಿಕಿತ್ಸೆಗೆ ರೋಗಿಯಿಂದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಮಾತು ಸ್ಪಷ್ಟವಿಲ್ಲವೆಂಬ ಕಾರಣಕ್ಕೆ ಅವರ ಪರವಾಗಿ ನೀವೇ ಸಹಿ ಹಾಕಲು ಮುಂದಾಗಬೇಡಿ. ಬಲಬದಿಯ ಬಲಹೀನತೆಯೊಂದಿಗೆ ಮಾತಿನ ತೊಂದರೆ ಬರುವುದು ಸಾಮಾನ್ಯ, ಏಕೆಂದರೆ ಹೆಚ್ಚಿನವರಲ್ಲಿ ಭಾಷೆಯ ಕೇಂದ್ರಗಳೂ ಬಲಬದಿಯ ಚಲನೆಯ ನಿಯಂತ್ರಣವೂ ಇರುವುದು ಮಿದುಳಿನ ಎಡಭಾಗದಲ್ಲಿ. ಇಂಥವರಲ್ಲಿ ಅನೇಕರು ಆಡಲಾಗದಿದ್ದರೂ ಅರ್ಥಮಾಡಿಕೊಳ್ಳುತ್ತಾರೆ. ಸಮ್ಮತಿ ಪತ್ರವನ್ನು ಚಿತ್ರಗಳು, ಚಿಕ್ಕ ವಾಕ್ಯಗಳು, ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳ ಮೂಲಕ ನಿಧಾನವಾಗಿ ವಿವರಿಸಲು ಸಂಶೋಧಕರನ್ನು ಕೇಳಿ, ಸಾಧ್ಯವಿದ್ದರೆ ವಾಕ್ ಚಿಕಿತ್ಸಕರೂ ಜೊತೆಗಿರಲಿ. ಒಂದೆರಡು ದಿನ ಬಿಟ್ಟು ಮತ್ತೆ ಕೇಳಿದಾಗಲೂ ಅವರು ಅದೇ ಉತ್ತರ ಕೊಟ್ಟರೆ ಅದನ್ನು ಅವರ ನಿರ್ಧಾರವೆಂದು ತೆಗೆದುಕೊಳ್ಳಬಹುದು.