ವಾಚಲ್ಲಿ ಬರೋ ಡೀಪ್ ಸ್ಲೀಪು, ಸರೋಜಮ್ಮನ ಭಯ

ಹೆಸರು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ. ಸರೋಜಮ್ಮ ಅಂತಿಟ್ಕೊಳ್ಳಿ, 56 ವರ್ಷ, ಹೈಸ್ಕೂಲ್ ಟೀಚರ್. ನಿದ್ದೆ ಬಗ್ಗೆ ಸಲಹೆಗೆ ಅಂತ ನನ್ ಹತ್ರ ಬಂದು ಕೂತವರೇ ಬ್ಯಾಗಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು ನನ್ ಮುಂದೆ ಇಟ್ರು, ಹಿಂದಿನ ಪುಟಗಳಲ್ಲಿ ದಿನಕ್ಕೊಂದು ನಂಬರು, 41, 36, 52, 29, ನಲವತ್ತರ ಕೆಳಗಿದ್ದಿದ್ದಕ್ಕೆಲ್ಲಾ ಕೆಂಪು ಗೀಟು. ಮಗ ಕೊಡಿಸಿದ ಸ್ಮಾರ್ಟ್‌ವಾಚು ತೋರಿಸೋ ಡೀಪ್ ಸ್ಲೀಪ್, ಅಂದ್ರೆ ಗಾಢ ನಿದ್ದೆಯ ನಿಮಿಷಗಳು ಅವು. ಅವರಮ್ಮನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತಂತೆ, "ಮೇಡಂ, ಗಾಢ ನಿದ್ದೆ ಇಷ್ಟು ಕಮ್ಮಿ ಅಂದ್ರೆ ನನಗೂ ಅದೇ ಶುರುವಾಯ್ತಾ" ಅಂತ ಕೇಳ್ತಾ ಸೆರಗಿನ ತುದಿನ ಬೆರಳಿಗೆ ಸುತ್ಕೊಳ್ತಾನೇ ಇದ್ರು, ನೋಡಿ ಹೊಟ್ಟೆ ಚುರ್ ಅಂತು.

ನಾನು ಹಾಳೆ ಮೇಲೆ ಅಲೆ ಬರೆದು ತೋರಿಸಿದೆ. ಎಚ್ಚರ ಇದ್ದಾಗ ಮಿದುಳಿನ ಅಲೆ ಸಣ್ಣ, ಚುರುಕು, ಸಂತೇಲಿ ಒಬ್ಬೊಬ್ರೂ ಒಂದೊಂದು ಮಾತಾಡಿದ ಹಾಗೆ. ಗಾಢ ನಿದ್ದೆಗೆ ಇಳೀತಾ ನರಕೋಶಗಳೆಲ್ಲ ಭಜನೇಲಿ ತಾಳ ಹಾಕೋ ಥರ ಒಟ್ಟಿಗೆ ಮಿಡಿದು ಒಟ್ಟಿಗೆ ಸುಮ್ನಾಗ್ತವೆ, ಅದಕ್ಕೇ ಅಲೆ ಎತ್ತರ ಆಗುತ್ತೆ, ನಿಧಾನ ಆಗುತ್ತೆ, ಸೆಕೆಂಡಿಗೆ 4 ಅಲೆಗಿಂತ ಕಮ್ಮಿ, ಡೆಲ್ಟಾ ಅಲೆ ಅಂದ್ರೆ ಇದೇ. ಇದರ ದೊಡ್ಡ ಪಾಲು ರಾತ್ರಿಯ ಮೊದಲರ್ಧದಲ್ಲೇ ಬಂದು ಹೋಗಿರುತ್ತೆ, ಮೂರು ಗಂಟೆಗೆ ಎಚ್ಚರ ಆದ್ರೆ ಎಲ್ಲಾ ಹಾಳಾಯ್ತು ಅಂತಲ್ಲ. ವಯಸ್ಸಾಗ್ತಾ ಅಲೆಗಳ ಎತ್ತರಾನೂ ಇಳಿಯುತ್ತೆ, ಅದು ಸಹಜ. ಮತ್ತೆ ಈ ಅಲೆ ಅಳೀಬೇಕು ಅಂದ್ರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಇಇಜಿ ಮಾಡ್ಬೇಕು, ಮಣಿಕಟ್ಟಿನ ವಾಚು ನಾಡಿಬಡಿತ, ಕೈ ಅಲುಗಾಟ ನೋಡಿ ಅಂದಾಜು ಹೇಳುತ್ತೆ ಅಷ್ಟೇ. ಈ ಮಾತಿಗೆ ಅವರು ತುಂಬಾ ಹೊತ್ತು ಸುಮ್ನಿದ್ರು.

ಹೇಳಿದ್ದು ಇಷ್ಟು: ವಾಚು ಎರಡು ವಾರ ಬೀರುವಲ್ಲಿರಲಿ. ಎಷ್ಟೊತ್ತಿಗೆ ಮಲಗಿದ್ರೂ ಬೆಳಿಗ್ಗೆ ಆರಕ್ಕೇ ಏಳಿ. ಸ್ಕೂಲಿಂದ ಬಂದು ಒಂದೂವರೆ ಗಂಟೆ ಮಲಗೋದು ಬಿಡಿ, ರಾತ್ರಿಯ ಗಾಢ ನಿದ್ದೆಗೆ ಬೇಕಾದ ಒತ್ತಡ, ಅಂದ್ರೆ ಎಚ್ಚರ ಇದ್ದಷ್ಟು ಹೊತ್ತು ಕೂಡ್ತಾ ಹೋಗೋ ನಿದ್ದೆಯ ಹಸಿವು, ಅಲ್ಲೇ ಕರಗ್ತಿದೆ. ಸಂಜೆ ಆರರ ಕಾಫಿನೂ ಬೇಡ. ನಿದ್ದೆ ಬರದಿದ್ರೆ ಹಾಸಿಗೇಲಿ ಹೊರಳಾಡದೆ ಎದ್ದು ಹಜಾರದಲ್ಲಿ ಕೂತು, ಕಣ್ಣೆಳೆದಾಗ ವಾಪಸ್ ಹೋಗಿ. ಗೊರಕೆ ಇದೆಯಾ, ಮಧ್ಯೆ ಉಸಿರು ನಿಲ್ಲುತ್ತಾ ಅಂತ ಯಜಮಾನ್ರನ್ನ ಕೇಳಿ, ಇದ್ರೆ ಸ್ಲೀಪ್ ಸ್ಟಡಿ, ಅಂದ್ರೆ ನಿದ್ದೇಲಿ ಉಸಿರಾಟ, ಮಿದುಳಿನ ಅಲೆ ಎಲ್ಲಾ ಅಳೆಯೋ ಪರೀಕ್ಷೆ, ಮಾಡಿಸ್ಲೇಬೇಕು. ಮರೆವು ದಿನದ ಕೆಲಸಕ್ಕೇ ಅಡ್ಡ ಬರ್ತಿದ್ರೆ ನರರೋಗ ತಜ್ಞರ ಹತ್ರ ಹೋಗಿ, ನಿದ್ದೆ ಮೇಲೆ ಹಾಕಿ ಕೂರಬೇಡಿ.

ಮೂರನೇ ವಾರ ಬಂದ್ರು. ಗೊರಕೆ ಇಲ್ಲವಂತೆ. ರಾತ್ರಿ ಒಂದ್ಸಲ ಎಚ್ಚರ ಈಗ್ಲೂ ಆಗುತ್ತೆ, ಆದ್ರೆ ನೀರು ಕುಡಿದು ಮಲಗ್ತಾರಂತೆ. ಪುಸ್ತಕ ತೆರೆದು ತೋರಿಸಿದ್ರು, ಹಿಂದಿನ ಪುಟಗಳಲ್ಲಿ ಹೊಸ ನಂಬರು ಒಂದೂ ಇಲ್ಲ, ಮುಂದೆ ಹಾಲಿನ ಲೆಕ್ಕ ಮಾತ್ರ. ಅಮ್ಮನ ಬಗ್ಗೆ ಮಾತಾಡೋದು ಇನ್ನೂ ಬಾಕಿ ಇದೆ, ಮುಂದಿನ ಭೇಟಿ ಅದಕ್ಕೇ ಇಟ್ಕೊಂಡಿದೀವಿ.