ಕೋಡ್ ಹುಡುಕೂದು ಬಿಡ್ರಿ, ರಿಮೋಟಿಗೆ ಕಲಿಸ್ರಿ

ಗದಗಿನ ಸರ್, ನಿಮ್ಮ ಪ್ರಶ್ನೆ ನೋಡಿದೆ. ಸೋನಿ ಟೀವಿ, ಕೇಬಲ್‌ನವರ ಸೆಟ್‌ಟಾಪ್ ಬಾಕ್ಸ್, ಫೈರ್ ಟೀವಿ ಸ್ಟಿಕ್, ಟೀವಿಯ ಹೆಡ್‌ಫೋನ್ ಪಿನ್ನಿನಿಂದ ವಾಯರ್ ಎಳದ ಒಂದು ಅಗ್ಗದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೋಮ್ ಥಿಯೇಟರ್. ನಾಕಕ್ಕೂ ಒಂದ ರಿಮೋಟ್ ಸಾಕಂತ ಯುನಿವರ್ಸಲ್ ರಿಮೋಟ್ ತಂದೀರಿ, ಅದರ ಜೋಡಿ ಬಂದ ಪುಸ್ತಕದಾಗಿನ ಕೋಡ್ (ಯಾವ ಕಂಪನಿ ಯಂತ್ರ ಅಂತ ರಿಮೋಟಿಗೆ ತಿಳಿಸೂ ಅಂಕಿ) ಎಲ್ಲಾ ಹಾಕಿದ್ರೂ ಹೋಮ್ ಥಿಯೇಟರ್ ಕೇಳವಲ್ದು, ಫೈರ್ ಸ್ಟಿಕ್ ಅಂತೂ ಅಲ್ಲಾಡವಲ್ದು. ನನಗಿಂತ ಮೊದಲು ಉತ್ತರ ಕೊಟ್ಟವ್ರು ಆಟೋ ಸರ್ಚ್ (ರಿಮೋಟ್ ತಾನ ಒಂದೊಂದ ಕೋಡ್ ಹಾಕಿ ನೋಡೂದು) ಹಚ್ಚಿ ಕುಂದರ್ರಿ ಅಂದಾರ. ನಿಮ್ಮ ಸೆಟ್ಟಿಗೆ ಅದರಿಂದ ಉಪಯೋಗ ಆಗೂದಿಲ್ಲ.

ಯಾಕಂದ್ರ ಪುಸ್ತಕದಾಗ ಇರೂದು ದೊಡ್ಡ ಕಂಪನಿಗಳ ಕೋಡ್. ಇಂಥ 5.1 ಪೆಟ್ಟಿಗಿ ಒಳಗಿನ ಬೋರ್ಡ್ ಯಾರೋ ಮಾಡಿರ್ತಾರ, ಹೆಸರು ಇನ್ಯಾರೋ ಹಚ್ಚಿರ್ತಾರ. ಒಂದ ಹೆಸರಿನ ಎರಡು ಮಾಡೆಲ್‌ಗೂ ಬಹಳ ಸಲ ಕೋಡ್ ಹೊಂದೂದಿಲ್ಲ. ಫೈರ್ ಸ್ಟಿಕ್ಕಿನ ಕಥಿ ಬ್ಯಾರೆ. ಅದು ತನ್ನ ರಿಮೋಟಿನ ಜೋಡಿ ಬ್ಲೂಟೂತ್‌ನ್ಯಾಗ ಮಾತಾಡ್ತೈತಿ, ಅದಕ್ಕ ಇನ್‌ಫ್ರಾರೆಡ್ (ಸಾದಾ ರಿಮೋಟ್ ಬಿಡೂ, ನಮ್ಮ ಕಣ್ಣಿಗೆ ಕಾಣದ ಬೆಳಕು) ಹಿಡಿಯೂ ಕಣ್ಣ ಇಲ್ಲ. ಇಲ್ಲದ ಕಣ್ಣಿಗೆ ಯಾವ ಕೋಡ್ ತೋರಿಸಿದ್ರೂ ಅಷ್ಟ.

ಹಂಗಾಗಿ ಮೊದಲು ಒಂದು ಪರೀಕ್ಷೆ. ಮೊಬೈಲ್ ಕ್ಯಾಮೆರಾ ತಗದು ಒಂದೊಂದ ರಿಮೋಟಿನ ಮೂತಿ ಅದರ ಮುಂದ ಹಿಡದು ಬಟನ್ ಒತ್ತರಿ. ನೇರಳೆ ಬೆಳಕು ಮಿಣಮಿಣ ಅಂದ್ರ ಆ ಬಟನ್ ಇನ್‌ಫ್ರಾರೆಡ್, ಕಲಿಸಾಕ ಬರ್ತೈತಿ. ಕೆಲವು ಫೋನಿನ ಹಿಂದಿನ ಕ್ಯಾಮೆರಾ ಆ ಬೆಳಕು ತಡೀತೈತಿ, ಸೆಲ್ಫಿ ಕ್ಯಾಮೆರಾದಾಗ ನೋಡ್ರಿ. ಬಟನ್ ಬಟನ್ನಿಗೂ ನೋಡಬೇಕು: ಫೈರ್ ಸ್ಟಿಕ್ ರಿಮೋಟಿನ್ಯಾಗ ಪವರ್, ಆವಾಜದ ಬಟನ್ ಟೀವಿ ಸಲುವಾಗಿ ಇನ್‌ಫ್ರಾರೆಡ್ ಬಿಡ್ತಾವ, ಬಾಣದ ಬಟನ್ ಬಿಡೂದಿಲ್ಲ.

ಫೈರ್ ಸ್ಟಿಕ್ಕಿಗೆ ದಾರಿ ಎಚ್‌ಡಿಎಂಐ ವಾಯರಿನೊಳಗ ಐತಿ. ರಿಮೋಟಿನ ಹುಕುಂ ಆ ವಾಯರಿನ್ಯಾಗ ಒಂದು ಯಂತ್ರದಿಂದ ಇನ್ನೊಂದಕ್ಕ ದಾಟಿಸೂ ಸೌಲಭ್ಯಕ್ಕ ಸಿಇಸಿ ಅಂತಾರ, ಸೋನಿಯವರು ಅದಕ್ಕ ಬ್ರಾವಿಯಾ ಸಿಂಕ್ ಅಂತ ಹೆಸರಿಟ್ಟಾರ, ಸ್ಯಾಮ್‌ಸಂಗ್‌ನ್ಯಾಗ ಎನಿನೆಟ್ ಪ್ಲಸ್, ಎಲ್‌ಜಿಯಾಗ ಸಿಂಪ್‌ಲಿಂಕ್. ಟೀವಿ ಸೆಟ್ಟಿಂಗಿನ್ಯಾಗ ಬ್ರಾವಿಯಾ ಸಿಂಕ್ ಚಾಲೂ ಮಾಡ್ರಿ. ಫೈರ್ ಸ್ಟಿಕ್ಕಿನ್ಯಾಗ ಸೆಟ್ಟಿಂಗ್ಸ್, ಡಿಸ್‌ಪ್ಲೇ ಅಂಡ್ ಸೌಂಡ್ಸ್ ಒಳಗ ಹೋಗಿ ಸಿಇಸಿ ಡಿವೈಸ್ ಕಂಟ್ರೋಲ್ ಚಾಲೂ ಮಾಡ್ರಿ. ಆಮ್ಯಾಲ ಟೀವಿಗೆ ಬಂದ ಬಾಣ, ಓಕೆ, ಬ್ಯಾಕ್ ಬಟನ್ನಿನ ಹುಕುಂ ಅನ್ನ ಟೀವಿನ ವಾಯರಿನ್ಯಾಗ ಸ್ಟಿಕ್ಕಿಗೆ ದಾಟಿಸ್ತೈತಿ. ನಿಮ್ಮ ಯುನಿವರ್ಸಲ್ ಟೀವಿ ಕೋಡಿನ್ಯಾಗ ಕೆಲಸ ಮಾಡ್ತೈತಿ ಅಂದ್ರಿ, ಹಂಗಂದ್ರ ಸ್ಟಿಕ್ಕಿನ ಕೆಲಸ ಇಲ್ಲಿಗೆ ಮುಗೀತು. ಬಾಯಿಲೆ ಹೇಳಿ ಹುಡುಕೂ ಸೌಲಭ್ಯ ಮಾತ್ರ ಸಿಗೂದಿಲ್ಲ.

ಈಗ ಹೋಮ್ ಥಿಯೇಟರ್. ಕಲಿಸೂದಕ್ಕಿಂತ ಮೊದಲು ಒಂದು ವಿಚಾರ: ಅದರ ಆವಾಜ ರಿಮೋಟಿನಿಂದ ಏರಿಸಿ ಇಳಿಸೂದು ನಿಮಗ ಬೇಕ ಏನು? ಸೋನಿ ಟೀವಿಯ ಸೌಂಡ್ ಸೆಟ್ಟಿಂಗಿನ್ಯಾಗ ಹೆಡ್‌ಫೋನ್/ಆಡಿಯೋ ಔಟ್ ಅಂತ ಐತಿ, ಅದನ್ನ ಆಡಿಯೋ ಔಟ್ ವೇರಿಯೇಬಲ್‌ಗೆ ಇಟ್ರ ಟೀವಿಯ ಆವಾಜದ ಬಟನ್ನ ಹೋಮ್ ಥಿಯೇಟರನ್ನೂ ಆಳ್ತೈತಿ. ಹೋಮ್ ಥಿಯೇಟರಿನ ಆವಾಜ ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಒಂದ ಕಡೆ ನಿಲ್ಲಿಸಿ ಬಿಡ್ರಿ. ಪೂರ್ತಿ ಏರಿಸಿಟ್ರ ಸುಮ್ನ ಇದ್ದಾಗ ಸುಂಯ್ ಅಂತೈತಿ. ಬಾಕ್ಸು, ಸ್ಟಿಕ್ಕು ಎರಡೂ ಟೀವಿ ಮೂಲಕನ ಬರ್ತಾವ, ಹಂಗಾಗಿ ಎಲ್ಲಾದಕ್ಕೂ ಇದ ಸಾಕು. ಇನ್ನ ಒಂದು ಮಾತು, ಆ ಪಿನ್ನಿನಿಂದ ಬರೂದು ಬರೇ ಎರಡು ಚಾನೆಲ್ಲು. ಹಿಂದಿನ ಸ್ಪೀಕರಿನ್ಯಾಗ ಬರೂದು ಮುಂದಿನದರ ನಕಲು. ಅದಕ್ಕಾಗಿ ತಲಿ ಕೆಡಿಸ್ಕೋಬ್ಯಾಡ್ರಿ.

ಆದ್ರೂ ಸಬ್‌ವೂಫರ್, ಇನ್‌ಪುಟ್, ಪವರ್ ಎಲ್ಲಾ ಒಂದ ಕೈಯಾಗ ಬೇಕಂದ್ರ ಕಲಿಸಬೇಕು. ನಿಮ್ಮ ಹೊಸ ರಿಮೋಟಿನ ಮ್ಯಾಲ ಲರ್ನ್ ಅಂತ ಬಟನ್ ಐತೇನು ನೋಡ್ರಿ. ಇಲ್ಲಂದ್ರ ಅದು ಬರೇ ಕೋಡಿನದು, ಬದಲಿ ತರಬೇಕು. ಹುಬ್ಬಳ್ಳಿಗೆ ಬಂದ್ರ ಕೊಪ್ಪಿಕರ್ ರೋಡ್ ಕಡೆ ಅಂಗಡ್ಯಾಗ ಲರ್ನಿಂಗ್ ರಿಮೋಟ್ ಅಂತ ಕೇಳ್ರಿ. ಹಳೇ ರಿಮೋಟ್ ಕೈಯಾಗ ಹಿಡಕೊಂಡ ಹೋಗ್ರಿ, ಒಂದ ಬಟನ್ ಅಲ್ಲೇ ಕಲಿಸಿ ಕ್ಯಾಮೆರಾದಾಗ ನೋಡಿ ತಗೋರಿ.

ಕಲಿಸೂ ರೀತಿ ಮಾಡೆಲ್ ಮ್ಯಾಲ ಸ್ವಲ್ಪ ಹೆಚ್ಚುಕಡಿಮಿ ಇರ್ತೈತಿ, ಆದ್ರ ಸಾಮಾನ್ಯ ಹಿಂಗ. ಮೊದಲು ಎರಡೂ ರಿಮೋಟಿಗೆ ಹೊಸ ಶೆಲ್. ಹೋಮ್ ಥಿಯೇಟರಿನ ತೆಳ್ಳನ ರಿಮೋಟಿನ್ಯಾಗ ಸಿಆರ್ 2025 ಬಿಲ್ಲೆ ಶೆಲ್ ಇರ್ತೈತಿ, ಅದು ಸೋತಿದ್ರ ಕಲಿಕೆ ಅರ್ಧಮರ್ಧ ಆಗ್ತೈತಿ. ಟೇಬಲ್ ಮ್ಯಾಲ ಎರಡನ್ನೂ ಮೂತಿಗೆ ಮೂತಿ ಎದುರಾ ಇಟ್ಟು ನಡುವ ಎರಡು ಮೂರು ಸೆಂಟಿಮೀಟರ್ ಬಿಡ್ರಿ, ಎತ್ತರ ಸಮ ಇಲ್ಲಂದ್ರ ತೆಳ್ಳನದರ ಕೆಳಗ ಒಂದ ಪುಸ್ತಕ ಇಡ್ರಿ. ಟ್ಯೂಬ್‌ಲೈಟ್ ಆರಿಸ್ರಿ, ಕಿಡಕಿ ಬಿಸಿಲು ನೇರ ಬೀಳೂದು ಬ್ಯಾಡ. ಹೊಸ ರಿಮೋಟಿನ್ಯಾಗ ಆಕ್ಸ್ ಅಥವಾ ಡಿವಿಡಿ ಪುಟ (ಯಾವ ಯಂತ್ರ ನಡಸಬೇಕು ಅಂತ ಆರಿಸೂ ಬಟನ್) ಆರಿಸಿ, ಲರ್ನ್ ಬಟನ್ ಕೆಂಪು ದೀಪ ಗಟ್ಟಿ ಉರಿಯೂತನಕ ಹಿಡೀರಿ. ಯಾವ ಬಟನ್ನಿಗೆ ಕಲಿಸಬೇಕೋ ಅದನ್ನ ಒತ್ತರಿ, ದೀಪ ಮಿಣುಕಾಕ ಹತ್ತಿದ ಮ್ಯಾಲ ಹಳೇ ರಿಮೋಟಿನ ಬಟನ್ ಒತ್ತರಿ. ದೀಪ ಪಟಪಟ ಮಿಣುಕಿದ್ರ ಹಿಡೀತು. ಹಂಗ ಮುಂದಿನ ಬಟನ್. ಎಲ್ಲಾ ಮುಗದ ಮ್ಯಾಲ ಲರ್ನ್ ಮತ್ತೊಮ್ಮೆ ಒತ್ತಿ ಹೊರಗ ಬರ್ರಿ.

ಹೆಚ್ಚಿನವ್ರು ತಪ್ಪೂದು ಒತ್ತೂ ರೀತಿಯೊಳಗ. ಅಗ್ಗದ ಸೆಟ್ಟಿನ್ಯಾಗ ಬಹುತೇಕ ಎನ್‌ಇಸಿ ಅನ್ನೂ ಸಂಕೇತ ಕಳಸೂ ಪದ್ಧತಿ ಇರ್ತೈತಿ. ಬಟನ್ ಒತ್ತಿದ ಕ್ಷಣ ಪೂರ್ತಿ ಹುಕುಂ ಒಂದ ಸಲ ಹೋಗ್ತೈತಿ, ಹಂಗ ಹಿಡಕೊಂಡ್ರ ಆಮ್ಯಾಲ 108 ಮಿಲಿಸೆಕೆಂಡಿಗೊಮ್ಮೆ "ಮೊದಲಿಂದ ಮತ್ತ" ಅನ್ನೂ ಗಿಡ್ಡ ಸಂಕೇತ ಅಷ್ಟ ಹೋಗ್ತೈತಿ. ನೀವು ಮೊದಲ ಹಳೇ ಬಟನ್ ಒತ್ತಿ ಹಿಡದು, ಆಮ್ಯಾಲ ಹೊಸದನ್ನ ಎದುರು ತಂದ್ರ ಅದು ಗಿಡ್ಡ ಸಂಕೇತ ಕಲೀತೈತಿ. ದೀಪ ಮಿಣುಕ್ತೈತಿ, ಕಲಿತೆ ಅಂತೈತಿ, ಹೋಮ್ ಥಿಯೇಟರ್ ಮಾತ್ರ ಜಪ್ಪಂತ ಅನ್ನೂದಿಲ್ಲ. ಹೊಸದು ಕಾಯಾಕ ಹತ್ತಿದ ಮ್ಯಾಲ ಹಳೇದನ್ನ ಒಂದ ಸಲ ಟಕ್ ಅಂತ ಒತ್ತಿ ಬಿಡ್ರಿ. ಸೋನಿ ರಿಮೋಟ್ ಇದಕ್ಕ ಉಲ್ಟಾ: ಪೂರ್ತಿ ಹುಕುಂ ಅನ್ನ 45 ಮಿಲಿಸೆಕೆಂಡಿಗೊಮ್ಮೆ ಕನಿಷ್ಠ ಮೂರು ಸಲ ಕಳಸ್ತೈತಿ, ಟೀವಿನೂ ಒಂದಕ್ಕಿಂತ ಹೆಚ್ಚು ಸಲ ಬಂದ್ರ ಮಾತ್ರ ನಂಬ್ತೈತಿ. ಸೋನಿ ಬಟನ್ ಕಲಿಸೂಮುಂದ ಅರ್ಧ ಸೆಕೆಂಡ್ ಹಿಡೀರಿ.

ಇನ್ನೊಂದು ವಿಚಿತ್ರ ಐತಿ. ಕಲಿಸಿದ ಬಟನ್ ಒಮ್ಮೆ ಕೆಲಸ ಮಾಡಿ ಎರಡನೇ ಸಲ ಸುಮ್ನಾದ್ರ, ಮೂಲ ರಿಮೋಟ್ ಫಿಲಿಪ್ಸ್‌ನವರ ಆರ್‌ಸಿ5 ಇಲ್ಲಾ ಆರ್‌ಸಿ6 ಪದ್ಧತಿದು ಇರಬಹುದು. ಅದರಾಗ ಪ್ರತಿ ಒತ್ತಿಗೂ ಸಂಕೇತದಾಗಿನ ಒಂದು ಬಿಟ್ (ಸೊನ್ನೆ ಇಲ್ಲಾ ಒಂದು ಅನ್ನೂ ಅಂಕಿ) ಬದಲಾಗ್ತೈತಿ, ಕಲತ ರಿಮೋಟ್ ಮಾತ್ರ ಪ್ರತಿ ಸಲ ಅದ ಒಂದನ್ನ ಕಳಸ್ತೈತಿ. ಯಂತ್ರ ಅದನ್ನ ಬಟನ್ ಇನ್ನೂ ಒತ್ತಿ ಹಿಡದಾರ ಅಂತ ತಿಳ್ಕೋತೈತಿ. ನಡುವ ಬ್ಯಾರೆ ಬಟನ್ ಒತ್ತಿದ್ರ ಮತ್ತ ಕೇಳ್ತೈತಿ. ಇಂಥಲ್ಲಿ ಕಲಿಸೂದಕ್ಕಿಂತ ಪುಸ್ತಕದ ಕೋಡ್ ಚಲೋ.

ಆವಾಜ ಪ್ಲಸ್, ಮೈನಸ್, ಮ್ಯೂಟ್ ಈ ಮೂರನ್ನ ಟೀವಿ ಪುಟದಾಗೂ ಸೆಟ್‌ಟಾಪ್ ಪುಟದಾಗೂ ಹೋಮ್ ಥಿಯೇಟರಿಂದನ ಕಲಿಸ್ರಿ. ಯಾವ ಪುಟದಾಗ ಇದ್ರೂ ಆವಾಜ ಅಲ್ಲಿಗೇ ಹೋಗ್ತೈತಿ. ಮನ್ಯಾಗಿನ ಹಿರ್ಯಾರು ಪುಟ ಬದಲಿ ಮಾಡಾಕ ಹೋಗಂಗಿಲ್ಲ. ಮ್ಯಾಲಿನ ವೇರಿಯೇಬಲ್ ಉಪಾಯ ಬಿಟ್ಟು ಈ ದಾರಿ ಹಿಡದ್ರ ಆಡಿಯೋ ಔಟ್ ಅನ್ನ ಫಿಕ್ಸ್‌ಡ್ ಇಡ್ರಿ, ಎರಡು ಕಡೆ ಏರಿಳಿಸಿದ್ರ ಗೊಂದಲ.

ಒಂದ ಬಟನ್ನಿಗೆ ಎಲ್ಲಾ ಚಾಲೂ ಆಗೂ ಮ್ಯಾಕ್ರೋ ಹಾಕಬ್ಯಾಡ್ರಿ ಅಂತನ ನಾ ಹೇಳ್ತೇನಿ. ಈ ಪವರ್ ಬಟನ್ ಚಾಲೂ ಮಾಡೂದೂ ಅದ, ಬಂದ್ ಮಾಡೂದೂ ಅದ. ಹೆಸ್ಕಾಂ ಕರೆಂಟ್ ಹೋಗಿ ಬಂದಾಗ ಬಾಕ್ಸ್ ತಾನ ಚಾಲೂ ಆಗಿ ನಿಂತಿರ್ತೈತಿ, ಟೀವಿ ಸ್ಟ್ಯಾಂಡ್‌ಬೈನ್ಯಾಗ. ಮ್ಯಾಕ್ರೋ ಒತ್ತಿದ್ರ ಟೀವಿ ಎದ್ದು ಬಾಕ್ಸ್ ಮಲಗ್ತೈತಿ. ಮೂರು ಪವರ್ ಬಟನ್ ಬ್ಯಾರೆ ಬ್ಯಾರೆ ಇರಲಿ.

ಎಲ್ಲಾ ಸರಿ ಇದ್ದೂ ಟೀವಿ ಕೇಳಲಿಲ್ಲಂದ್ರ ನಡುವಿನ ಸ್ಪೀಕರ್ ಎಲ್ಲಿಟ್ಟೀರಿ ನೋಡ್ರಿ. ಟೀವಿಯ ಕಣ್ಣು ಸಾಮಾನ್ಯವಾಗಿ ಕೆಳಗಿನ ಅಂಚಿನ್ಯಾಗ ಇರ್ತೈತಿ, ಸ್ಪೀಕರ್ ಅದರ ಮುಂದ ಕುಂತಿರ್ತೈತಿ. ಹೋಮ್ ಥಿಯೇಟರ್ ಕಪಾಟಿನೊಳಗ ಐತಿ ಅಂದ್ರ ಬರೇ ಗಾಜು ಅಡ್ಡಿ ಮಾಡೂದಿಲ್ಲ, ಗಾಜಿಗೆ ಹಚ್ಚಿದ ಕಪ್ಪು ಫಿಲ್ಮ್ ಮಾಡ್ತೈತಿ. ಬಣ್ಣದ ಎಲ್‌ಇಡಿ ಪಟ್ಟಿ ಇದ್ದವ್ರಿಗೆ ಆವಾಜ ಏರಿಸಿದ್ರ ಬಣ್ಣನೂ ಬದಲಾಗೂದುಂಟು. ಎರಡೂ ಒಂದ ವಿಳಾಸದ (ಯಾವ ಯಂತ್ರಕ್ಕ ಅಂತ ತಿಳಿಸೂ ಅಂಕಿ) ಸಂಕೇತ ಬಳಸ್ತಿರಬಹುದು. ಪಟ್ಟಿಯ ಕಣ್ಣಿಗೆ ಕಪ್ಪು ಟೇಪ್ ಹಚ್ಚರಿ.

ಶೆಲ್ ಬದಲಿಸಿದ್ರ ಕಲತದ್ದು ಮರೀತೈತೇನು ಅಂತ ಮೊದಲ ವಾರದಾಗ ತಗದು ಐದು ನಿಮಿಷ ಬಿಟ್ಟು ಹಾಕಿ ನೋಡ್ರಿ, ಮರತ್ರ ಅಂಗಡಿಗೆ ವಾಪಸ್ ಕೊಡ್ರಿ. ಹಳೇ ರಿಮೋಟ್ ಒಗೀಬ್ಯಾಡ್ರಿ. ಸಣ್ಣ ಪೆನ್ಸಿಲ್ ಶೆಲ್ ಇದ್ದವುಗಳಿಂದ ಶೆಲ್ ತಗದಿಡ್ರಿ, ಸೋರಿದ್ರ ಒಳಗಿನ ಸ್ಪ್ರಿಂಗ್ ತಿಂದಹಾಕ್ತಾವ.